ಗೂಟದಾಚೆಯ ಹೂಳು

ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಯಾವ ಕೆರೆ ಏರಿಯ ಮೇಲೆ ನಿಂತು ಹಿಟಾಚಿ ಓಂಕಾರೇಶ ಅಂದರೂ ಜನ ಗುರುತು ಹಿಡಿಯುತ್ತಾರೆ. ನಮ್ಮೂರಿನವನೇ. ಯಗಟಿಯಿಂದ ಒಳಗೆ, ರಾಗಿ ಮತ್ತು ತೆಂಗು ಬಿಟ್ಟರೆ ಹೆಚ್ಚಿನದೇನೂ ಕಾಣದ ಊರು ನಮ್ಮದು. ಅವನ ತೋಟಕ್ಕೂ ನನ್ನ ತೋಟಕ್ಕೂ ನಡುವೆ ಒಂದು ಕತ್ತಾಳೆ ಬೇಲಿ. ಅವರು ಲಿಂಗ ಕಟ್ಟಿದವರು. ನಮ್ಮ ಮನೆಯಲ್ಲಿ ಕೆರೆ ಏಡಿಯ ಸಾರು ಕುದಿಯುವ ದಿನ ಅವನು ಬೇಲಿಯ ಆ ತುದಿಗೆ ಹೋಗಿ ನಿಲ್ಲುತ್ತಾನೆ. “ತಮ್ಮಯ್ಯಣ್ಣ, ಗಾಳಿ ನಮ್ ಕಡೀಕೆ ಬೀಸ್ತಾ ಐತೆ, ನಾಳೆ ಮಾತಾಡಣ ಕಣಣ್ಣ” ಅನ್ನುತ್ತಾನೆ. ಅಷ್ಟು ಬಿಟ್ಟರೆ ನಾವಿಬ್ಬರೂ ಚಿಕ್ಕಂದಿನಿಂದ ಒಂದೇ ಬಾವಿಯಲ್ಲಿ ಈಜು ಕಲಿತವರು.

ಅವನ ಕಸುಬು ಹಿಟಾಚಿ ಯಂತ್ರದಲ್ಲಿ ಹೂಳೆತ್ತುವುದು. ನಮ್ಮ ಬಯಲುಸೀಮೆಯಲ್ಲಿ ಅದು ಬರೀ ಮಣ್ಣು ಅಗೆಯುವ ಕೆಲಸವಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದರ ಹೊಟ್ಟೆಯಲ್ಲಿ ತುಂಬಿರುವ ಗೋಡನ್ನು, ಅಂದರೆ ಮೆಕ್ಕಲು ಮಣ್ಣನ್ನು, ತೆಗೆದರೆ ಮುಂದಿನ ಮಳೆಗೆ ನೀರು ನಿಲ್ಲಲು ಜಾಗವಾಗುತ್ತದೆ, ಆ ಗೋಡು ಬಿದ್ದ ತೋಟಕ್ಕೆ ಕಸುವು ಬರುತ್ತದೆ. ಹಾಗಾಗಿ ಯಂತ್ರದ ಬಕೆಟ್ಟು ಮೊದಲ ಸಲ ಮಣ್ಣು ಕಚ್ಚುವ ಮುಂಚೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಚುಚ್ಚಿ, ಕಾಯಿ ಒಡೆಯುತ್ತಾರೆ. ಯಂತ್ರ ನಡೆಸುವವನಿಗೆ ಸ್ನಾನಕ್ಕೆ ಬಿಸಿನೀರು, ಊಟಕ್ಕೆ ಹೋಳಿಗೆ. ಇದನ್ನೆಲ್ಲ ವರ್ಷಗಟ್ಟಲೆ ಅನುಭವಿಸಿ ಓಂಕಾರೇಶ ಅರ್ಧ ಸ್ವಾಮಿಯೇ ಆಗಿಹೋಗಿದ್ದ. ಹಣೆ ತುಂಬ ವಿಭೂತಿ, ಯಂತ್ರದ ಗಾಜಿನ ಮೇಲೂ ವಿಭೂತಿ. “ಡಾಕ್ಟ್ರು ಹೊಟ್ಟೇಲಿರೋ ಗಡ್ಡೆ ತೆಗೀತಾರಲ್ಲ, ಹಂಗೆ ಕಣ್ರೀ ಇದು. ಹೂಳು ತೆಗೆದೋನ್ನ ಕೆರೆನೂ ಹರಸ್ತದೆ, ತೋಟನೂ ಹರಸ್ತದೆ” ಅಂತ ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಬಾಡಿಗೆ ಕೊಡೋರು ಊರೋರು, ಪುಣ್ಯ ಮಾತ್ರ ನಿಂದಾ ಅಂತ ನಾನು ರೇಗಿಸಿದರೆ ನಗುತ್ತಿದ್ದ. ಆದರೂ ಮನುಷ್ಯ ಒಳ್ಳೆಯವನು. ಅಡ್ಡದಾರಿ ಹಿಡಿದವನಲ್ಲ, ಯಾರ ಬದುವನ್ನೂ ಒಂದು ಗೇಣು ಒತ್ತಿದವನಲ್ಲ. ಈಗ ನಾನು ಹೇಳುವುದನ್ನು ಕೇಳುವಾಗ ಅದು ನೆನಪಿರಲಿ.

ಹೋದ ವರ್ಷ ತರೀಕೆರೆಯ ಕಂಟ್ರಾಕ್ಟರು ಪಂಚಾಕ್ಷರಪ್ಪನವರಿಗೆ ಸಮುದ್ರದ ಕಡೆ ಒಂದು ಕೆಲಸ ಸಿಕ್ಕಿತು. ಉತ್ತರ ಕನ್ನಡದಲ್ಲಿ ಹೊನ್ನೆಕೊಲ್ಲಿ ಅಂತ ಒಂದು ಊರು. ಅಲ್ಲಿ ಸಮುದ್ರ ಮಡಿಸಿದ ಮೊಣಕೈಯ ಹಾಗೆ ನೆಲದೊಳಕ್ಕೆ ನುಗ್ಗಿ ನಿಂತಿದೆ. ಆ ಕೊಲ್ಲಿಯ ದಡದಲ್ಲಿ ಮೀನಿನ ಬೋಟುಗಳಿಗೆ ಜೆಟ್ಟಿ ಕಟ್ಟಬೇಕು, ಬೋಟು ಒಳಗೆ ಬರಲು ಕಾಲುವೆಯಂತೆ ಒಂದು ದಾರಿ ಅಗೆಯಬೇಕು. ಹಿಟಾಚಿಗೆ ಯಾರು ಅಂದರೆ ಓಂಕಾರೇಶನೇ. ಹೆಂಡತಿ ದೀಪಶ್ರೀ ಬೇಡವೆಂದಳು, ತಾಯಿ ಕಾಶಮ್ಮ ಊಟಕ್ಕೇನು ಗತಿ ಅಂದಳು. ಇವನು ತನ್ನ ತಟ್ಟೆ ಲೋಟ ಕಟ್ಟಿಕೊಂಡು ಹೊರಟ.

ಹೊನ್ನೆಕೊಲ್ಲಿಯ ವಿಚಾರ ಅವನು ಫೋನಿನಲ್ಲಿ ಹೇಳುತ್ತಿದ್ದುದು, ಆಮೇಲೆ ನಾನೇ ಕಣ್ಣಾರೆ ಕಂಡದ್ದು ಎರಡೂ ಸೇರಿಸಿ ಹೇಳುತ್ತೇನೆ. ಅಲ್ಲಿ ದಿನಕ್ಕೆರಡು ಸಲ ನೀರು ಬರುತ್ತದೆ, ಎರಡು ಸಲ ಹೋಗುತ್ತದೆ. ಭರತ ಬಂದಾಗ ಕೊಲ್ಲಿ ತುಂಬ ನೀರು. ಇಳಿತವಾದಾಗ ಕಣ್ಣು ಹಾಯುವಷ್ಟು ದೂರ ಬರೀ ಕೆಸರು ಬಯಲು. ಬೋಟಿನವರಿಗೆ ಈ ಕೆಸರೇ ಶತ್ರು. ಹಿಡಿದ ಮೀನು ಹೊತ್ತುಕೊಂಡು ಬಂದು ದಡ ಮುಟ್ಟಲಾಗದೆ ಬಿಸಿಲಲ್ಲಿ ಕಾಯಬೇಕು, ಮೀನು ಕೆಡುತ್ತದೆ. ಅವರು ಜೆಟ್ಟಿ ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅದೇ ಕೆಸರಿನಲ್ಲಿ ಬಳಚು ಇರುತ್ತದೆ. ಬಳಚು ಅಂದರೆ ಎರಡು ಚಿಪ್ಪಿನ ನಡುವೆ ಬದುಕುವ ಸಣ್ಣ ಜೀವ, ನಾವು ಕಪ್ಪೆಚಿಪ್ಪು ಅನ್ನುತ್ತೇವೆ. ಇಳಿತದ ಹೊತ್ತಿಗೆ ಕೇರಿಯ ಹೆಂಗಸರು ಬುಟ್ಟಿ ಹಿಡಿದು ಇಳಿದು ಕಾಲಲ್ಲಿ ತಡಕಿ, ಕೈಯಲ್ಲಿ ಆರಿಸಿ ಅದನ್ನು ಮಾರಿ ಬದುಕುತ್ತಾರೆ. ಗಂಡನಿಲ್ಲದವರಿಗೆ, ಬೋಟಿಲ್ಲದವರಿಗೆ ಅದೇ ಜೀವನ. ಜೆಟ್ಟಿ ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಬಹಳ ಕಾಲ ಜಗಳವಾಗಿ ಕೊನೆಗೆ ಒಂದು ರಾಜಿಯಾಗಿತ್ತು. ಕೊಲ್ಲಿಯ ಉದ್ದಕ್ಕೂ ಬಿದಿರಿನ ಗೂಟ ನೆಟ್ಟು ಅದಕ್ಕೆ ಕೆಂಪು ಬಟ್ಟೆ ಕಟ್ಟಿದರು. ಗೂಟದ ಈಚೆ ಜೆಟ್ಟಿ, ಬೋಟು, ಯಂತ್ರ. ಗೂಟದ ಆಚೆ ಯಾರೂ ಅಗೆಯಕೂಡದು. ಒಬ್ಬರು ಗೂಟ ದಾಟಿದರೂ ರಾಜಿ ಮುರಿದಂತೆ ಅಂತ ದೇವರ ಮುಂದೆ ಮಾತಾಗಿತ್ತು.

ಓಂಕಾರೇಶನಿಗೆ ಬಾಡಿಗೆ ಕೋಣೆ ಸಿಕ್ಕಿದ್ದು ಮಂಕಾಳಿ ಅನ್ನುವ ಅಂಬಿಗರ ಹೆಂಗಸಿನ ಮನೆಯ ಹಿಂದೆ. ಬಳಚು ಆರಿಸುವ ಹೆಂಗಸರಿಗೆಲ್ಲ ಅವಳೇ ಹಿರಿಯಳು. ಆ ಗೂಟ ನೆಡಿಸಲು ಕಚೇರಿಯಿಂದ ಕಚೇರಿಗೆ ತಿರುಗಿದವಳು. ಮೊದಲ ದಿನ ಇವನು ಅವಳ ಅಂಗಳದ ವಾಸನೆಗೆ ಮೂಗು ಮುಚ್ಚಿಕೊಂಡನಂತೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಪೇಟೆಯಿಂದ ಹೊಸ ಪಾತ್ರೆ ತಂದು, ಅಂಗಳದ ಬೇರೆ ಮೂಲೆಯಲ್ಲಿ ಒಲೆ ಹೂಡಿ ಇವನಿಗೆ ಅನ್ನ, ಬಸಳೆ ಸಾರು ಮಾಡಿಕೊಟ್ಟಳು. “ನಿನ್ನ ನೇಮ ನಿಂಗೆ, ಅದರಲ್ಲಿ ಎಂತ ನಾಚ್ಕೆ ತಮಾ” ಅಂದಳಂತೆ. ಅಂದಿನಿಂದ ಇವನಿಗೆ ಅವಳು ಅಕ್ಕ. ಫೋನ್ ಮಾಡಿದರೆ ಅರ್ಧ ಮಾತು ಅಕ್ಕನದೇ. ಆದರೆ ಅಕ್ಕ ಆ ಕೆಸರಿನಲ್ಲಿ ಏನು ಆರಿಸುತ್ತಾಳೆ, ಅದು ಹೇಗೆ ಹುಟ್ಟುತ್ತದೆ, ಎಲ್ಲಿ ಬೆಳೆಯುತ್ತದೆ ಅಂತ ಇವನು ಒಂದು ದಿನವೂ ಬಗ್ಗಿ ನೋಡಲಿಲ್ಲ. ತಿನ್ನದ ಪದಾರ್ಥ, ನೋಡಿ ಏನಾಗಬೇಕು ಅಂತ ಇರಬೇಕು. ಅವಳ ಬುಟ್ಟಿ ಎದುರಾದರೆ ಮುಖ ತಿರುಗಿಸಿಕೊಂಡು ಮಾತಾಡುತ್ತಿದ್ದ.

ಜೆಟ್ಟಿ ಕೆಲಸ ಶುರುವಾದಾಗ ಗೂಟದ ಈಚೆಯಿಂದ ತೆಗೆದಿದ್ದ ಮಣ್ಣನ್ನು ದಡದ ಮೇಲೆ ರಾಶಿ ಹಾಕಿದ್ದರು. ಅದು ಒಂದು ಇಡೀ ಮಳೆಗಾಲ ನೆನೆದು, ಒಣಗಿ, ಕಪ್ಪಗೆ ಉದುರುದುರಾಗಿತ್ತು. ಶಿವರಾತ್ರಿಗೆ ಪಂಚಾಕ್ಷರಪ್ಪನವರ ಟಿಪ್ಪರುಗಳು ಊರ ಕಡೆ ಬರುವಾಗ ಖಾಲಿ ಬರುವುದೇಕೆ ಅಂತ ಓಂಕಾರೇಶ ಆ ಮಣ್ಣನ್ನು ತುಂಬಿಸಿಕೊಂಡು ಬಂದ. ನಮ್ಮ ಕಡೆ ತೆಂಗಿನ ಸಸಿ ನೆಡುವಾಗ ಗುಂಡಿಗೆ ಒಂದು ಬೊಗಸೆ ಉಪ್ಪು ಹಾಕುವುದು ಅಜ್ಜನ ಕಾಲದ ಪದ್ಧತಿ. ಇದೋ ಸಮುದ್ರದ ಮಣ್ಣು, ಉಪ್ಪೂ ಇದೆ, ಚಿಪ್ಪಿನ ಪುಡಿಯಾಗಿ ಸುಣ್ಣವೂ ಇದೆ. ಊರು ಮುಗಿಬಿತ್ತು. ಮರದ ಬುಡಕ್ಕೆ ಹರಡಿ ನೀರು ಬಿಟ್ಟವರೆಲ್ಲ ಎಲೆಯ ಬಣ್ಣವೇ ಬದಲಾಯಿತು ಅಂದರು. ಅಷ್ಟು ಬೇಗ ತೆಂಗಿನ ಎಲೆಯ ಬಣ್ಣ ಬದಲಾಗುವುದಿಲ್ಲ, ಆದರೂ ಅಂದರು, ನಾನೂ ಅಂದೆ. ಓಂಕಾರೇಶನ ಚಿಕ್ಕಪ್ಪ ಷಣ್ಮುಖಪ್ಪನವರು ಊರಿಗೆ ಹಿರಿಯರು, ಅವರು ಮಠದ ಜಗಲಿಯಲ್ಲೇ ಘೋಷಿಸಿಬಿಟ್ಟರು: “ನಮ್ ಹುಡ್ಗ ಸಮುದ್ರದ ಗೋಡ್ನೇ ಊರಿಗೆ ತಂದ್ಬಿಟ್ಟ. ಯುಗಾದಿಗೆ ಇನ್ನೊಂದ್ ಸಲ ತರ್ಲಿ, ಎಲ್ಲಾರ್ಗೂ ಆಗ್ಲಿ. ಶಾಲು ಹೊದಿಸಣ.”

ಯುಗಾದಿ ಹತ್ತಿರ ಬಂತು, ರಾಶಿ ಖಾಲಿಯಾಗಿತ್ತು. ಅದೇ ಹೊತ್ತಿಗೆ ಮಂಕಾಳಿಯ ತಮ್ಮನ ಮಗಳ ಮದುವೆ ಬಂದು ಕೇರಿಗೆ ಕೇರಿಯೇ ಬಸ್ಸು ಮಾಡಿಕೊಂಡು ಅಂಕೋಲೆಯ ಕಡೆ ಹೊರಟಿತು. ಇವನನ್ನೂ ಕರೆದಳು. ಯಂತ್ರ ಬಿಟ್ಟು ಬರುವ ಹಾಗಿಲ್ಲ ಅಂದ. ಕೇರಿಯವರು ಹೊರಟ ಬೆಳಿಗ್ಗೆ ದಡ ಖಾಲಿಯಿತ್ತು, ದೊಡ್ಡ ಇಳಿತವಿತ್ತು. ನೀರು ದೂರ ಸರಿದು ಗೂಟದಾಚೆ ಕಪ್ಪಗೆ, ನುಣ್ಣಗೆ, ಹದವಾದ ಗೋಡು ಮೈಚಾಚಿ ಮಲಗಿತ್ತು. ಚೈತ್ರದಲ್ಲಿ ನಮ್ಮ ಕೆರೆಗಳು ಹೇಗೆ ಮಲಗಿರುತ್ತವೋ ಹಾಗೆ. ಬಯಲುಸೀಮೆಯವನ ಕಣ್ಣು, ಅದಕ್ಕೆ ಕಂಡದ್ದು ಬತ್ತಿದ ಕೆರೆ.

ಅವನು ಕದಿಯಲು ಹೊರಟವನಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ. ಗೂಟ ನೆಟ್ಟದ್ದು ಬೋಟಿನವರು ತಮ್ಮ ಬೋಟಿಗಾಗಿ ಅಗೆಯದಿರಲಿ ಅಂತ. ತಾನು ಅಗೆಯುವುದು ಬೋಟಿಗಲ್ಲವಲ್ಲ ಅಂದುಕೊಂಡ. ಅಕ್ಕ ದಿನಾ ಮೊಣಕಾಲು ಮಟ್ಟ ಹೂಳಿನಲ್ಲಿ ಕಾಲೆಳೆದುಕೊಂಡು ಓಡಾಡುತ್ತಾಳೆ, ಅಷ್ಟು ಹೂಳು ತೆಗೆದು ಆಳ ಮಾಡಿಕೊಟ್ಟರೆ ಇಳಿತದಲ್ಲೂ ನೀರು ನಿಲ್ಲುತ್ತದೆ, ಹಿಡಿಯುವುದು ಸುಲಭವಾಗುತ್ತದೆ, ಮದುವೆಯಿಂದ ಬಂದವಳು ನೋಡಿ ಸಂತೋಷಪಡಲಿ ಅಂದುಕೊಂಡ. ಇಲ್ಲಿ ಹೂಳೂ ಹೋಗುತ್ತದೆ, ಊರಿಗೆ ಗೋಡೂ ಬರುತ್ತದೆ. ಕೆರೆನೂ ಹರಸ್ತದೆ, ತೋಟನೂ ಹರಸ್ತದೆ. ಬಕೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿದ, ಗೂಟದಾಚೆ ಕೆಸರಿನಲ್ಲಿ ಊದುಬತ್ತಿ ಚುಚ್ಚಿ ಕಾಯಿ ಒಡೆದ. ಕೈಮುಗಿದು ಅಗೆಯಲು ಕೂತವನು ಭರತ ಬರುವವರೆಗೂ ಅಗೆದ. ಟಿಪ್ಪರುಗಳು ತುಂಬಿದವು. ಸಂಜೆ ಅವುಗಳ ಜೊತೆ ತಾನೂ ಊರಿಗೆ ಹೊರಟ.

ಯುಗಾದಿಯ ದಿನ ಆ ಮಣ್ಣು ನಮ್ಮ ತೋಟಗಳ ಪಾತಿಗೆ ಬಿತ್ತು. ಈ ಸಲದ್ದು ಹಸಿಯಾಗಿತ್ತು, ಭಾರವಾಗಿತ್ತು, ಇನ್ನೂ ಒಳ್ಳೆಯದೇ ಇರಬೇಕು ಅಂದುಕೊಂಡೆವು. ಷಣ್ಮುಖಪ್ಪನವರು ಶಾಲು ಹೊದಿಸಿದರು. ನಾನು ಚಪ್ಪಾಳೆ ತಟ್ಟಿದೆ. ಬೇವುಬೆಲ್ಲ ತಿಂದು ಮನೆಗೆ ಬಂದೆವು.

ಹಬ್ಬ ಕಳೆಯುತ್ತಲೇ ವಾಸನೆ ಶುರುವಾಯಿತು. ಮೊದಲು ಎಲ್ಲೋ ನಾಯಿ ಸತ್ತಿದೆ ಅಂದುಕೊಂಡೆವು. ಆಮೇಲೆ ತೋಟ ತೋಟಕ್ಕೂ ಕಾಗೆ, ಬೆಳ್ಳಕ್ಕಿ ಇಳಿದು ಪಾತಿಗಳನ್ನು ಕೆದಕತೊಡಗಿದವು. ನಾನು ಓಂಕಾರೇಶನ ತೋಟಕ್ಕೆ ಹೋದಾಗ ಕಾಶಮ್ಮ ಒಂದು ಮರದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಅಂಗೈಯಲ್ಲಿ ಒಂದು ಚಿಪ್ಪು. ಅದು ಸ್ವಲ್ಪ ಬಾಯಿ ತೆರೆದಿತ್ತು. ಒಳಗಿಂದ ಬೆಳ್ಳಗಿನ ನಾಲಿಗೆಯಂಥದ್ದು ಹೊರಗೆ ಬಂದು, ಏನನ್ನೋ ಹುಡುಕಿದಂತೆ ಮಾಡಿ, ಮತ್ತೆ ಒಳಗೆ ಹೋಯಿತು. ಅವಳು ಇನ್ನೊಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ಹರಡಿದಳು. ರಾಗಿ ಕಾಳಿನಷ್ಟು, ಅವರೆಕಾಳಿನಷ್ಟು, ಮಣ್ಣಿಗಿಂತ ಚಿಪ್ಪೇ ಹೆಚ್ಚಿತ್ತು. ಅರ್ಧ ಬದುಕಿದ್ದವು, ಅರ್ಧ ಕೊಳೆತಿದ್ದವು.

“ಇದ್ರಾಗೆ ಜೀವ ಐತಲ್ಲೋ ಓಂಕಾರಿ” ಅಂದಳು. “ಎಲ್ಲಾ ಮರಿಗಳು ಕಣೋ. ಏನ್ ತಂದ್ಬಿಟ್ಯೋ ನೀನು?”

ಅವನು ಬಾಳೆಯ ಹಿಂದೆ ನಿಂತಿದ್ದ. ಇರುವೆ ಕಂಡರೆ ದಾಟಿ ಹೋಗುವ ಮನೆ ಅದು. ಕೆರೆ ಏಡಿ ತಿಂದು ಬೆಳೆದ ನಾನೇ ಆ ಹಸಿ ಮಣ್ಣಿನಲ್ಲಿ ಏನಿದೆ ಅಂತ ನೋಡಿರಲಿಲ್ಲ, ಅವನೇನು ನೋಡಿಯಾನು.

ಆಗಲೇ ಅವನ ಫೋನು ಬಡಿದುಕೊಂಡಿತು. ಮಂಕಾಳಿ. ಅವನು ಸ್ಪೀಕರಿಗೆ ಹಾಕಿ ಕಲ್ಲಿನ ಮೇಲಿಟ್ಟ. ಅವಳ ಮಾತು ನಾವೆಲ್ಲ ಕೇಳಿದೆವು.

“ತಮಾ, ನೀ ಊರಿಗೆ ಹೋದದ್ದೇ ಹೋದದ್ದು, ಇಲ್ಲಿ ಯಾರೋ ಗೂಟ ದಾಟಿ ನಮ್ಮ ಬೀಜದ ಜಾಗನೇ ಅಗ್ದು ಹಾಕಿದ್ರು. ಮರಿ ಬಳಚು ಎಲ್ಲಾ ಹೋಯ್ತು. ಅಲ್ಲಿಂದನೇ ಇಡೀ ಕೊಲ್ಲಿಗೆ ಹಬ್ಬೂದು ಅದು. ಕಾಯಿ ಒಡ್ದು, ಊದುಬತ್ತಿ ಹಚ್ಚಿ ಅಗ್ದಿದ್ರು ನೋಡು. ಬೋಟಿನ ಪಾಂಡುರಂಗಂದೇ ಕೆಲ್ಸ, ಅವನೇ ಎಲ್ಲಾದಕ್ಕೂ ಕಾಯಿ ಒಡೆಯುವವ. ಸೋಮವಾರ ಎಲ್ಲಾ ಸೇರಿ ಕೂರ್ತ್ರು. ನೀ ಬಂದು ಹೇಳ್ಬೇಕು ತಮಾ. ಗೂಟ ಎಲ್ಲಿತ್ತು ಅಂತ ನಿಂಗೆ ಗೊತ್ತು. ನೀ ಇದ್ದಿದ್ರೆ ಅವನಿಗೆ ಬಿಡ್ತಿದ್ದಿಲ್ಲ.”

ಓಂಕಾರೇಶ “ಬತ್ತೀನಿ ಅಕ್ಕ” ಅಂದ. ಫೋನು ಇಟ್ಟ ಮೇಲೆ ಬೇಲಿಯ ಆ ತುದಿಗೆ ಹೋಗಿ ನಮಗೆ ಬೆನ್ನು ಹಾಕಿ ನಿಂತ.

ಮಾರನೆಯ ದಿನ ಮಠದ ಜಗಲಿಯಲ್ಲಿ ಹಿರಿಯರು ಸೇರಿದರು. ನಾಚಿಕೆ ಊರಿನದ್ದು, ಆದರೆ ಅದನ್ನು ಅಡಗಿಸುವ ಮಾತು ಮಾತ್ರ ಎಲ್ಲರ ಬಾಯಲ್ಲೂ ಸಲೀಸಾಗಿ ಬಂತು. ಷಣ್ಮುಖಪ್ಪನವರು ಹೇಳಿದರು: “ಎಲ್ಲಿ ಸಮುದ್ರ, ಎಲ್ಲಿ ಯಗಟಿ. ಮಣ್ಣಿಗೇನು ಹೆಸ್ರು ಬರ್ದಿರ್ತದಾ? ಹಳ್ಳಕ್ಕೆ ಸುರ್ದು ಮೇಲೆ ಸುಣ್ಣ ಹಾಕಿ ಸುಮ್ನಾಗ್ರಪ್ಪ.” ನಾನೂ ತಲೆದೂಗಿದೆ. ಅವತ್ತೇ ಊರಿನವರೆಲ್ಲ ಪಾತಿ ಪಾತಿಯಿಂದ ಮಣ್ಣು ಕೆರೆದು, ಮೂಗಿಗೆ ಟವಲು ಕಟ್ಟಿಕೊಂಡು, ಊರಾಚೆ ಹಳ್ಳದಲ್ಲಿ ಸುರಿದೆವು. ಥೂ, ಹೊಲಸು ಅಂದುಕೊಂಡು ಸುರಿದೆವು. ಕಾಗೆಗಳು ಅಲ್ಲಿಗೂ ಹಿಂದೆಯೇ ಬಂದವು.

ಓಂಕಾರೇಶ ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ. ಶಾಲನ್ನು ದೀಪಶ್ರೀ ಪೆಟ್ಟಿಗೆಯ ತಳಕ್ಕೆ ಹಾಕಿದಳಂತೆ. ಮಂಕಾಳಿ ಮತ್ತೆ ಫೋನು ಮಾಡಿದರೆ ಎತ್ತಲಿಲ್ಲ. ಹೋಗದೆ ಇದ್ದರೆ ಪಾಂಡುರಂಗನ ತಲೆಯ ಮೇಲೆ ಕಳ್ಳತನ ಬೀಳುತ್ತದೆ, ರಾಜಿ ಮುರಿಯುತ್ತದೆ. ಬೋಟಿನವರು ನಾವೇನೂ ಮಾಡದೆ ಕೆಟ್ಟವರಾದೆವಲ್ಲ ಅಂತ ಇನ್ನುಳಿದ ಗೂಟವನ್ನೂ ಕೀಳುತ್ತಾರೆ. ಹೋದರೆ ಅಕ್ಕನ ಮುಂದೆ ನಿಂತು ಹೇಳಬೇಕು. ಇದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಅವನು ಹೋಗುವುದಿಲ್ಲವೆಂದೇ ನಾನು ಅಂದುಕೊಂಡಿದ್ದೆ. ನಾನಾಗಿದ್ದರೆ ಹೋಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಅವರ ಜಗಲಿಗೆ ಹೋದಾಗ ಕಾಶಮ್ಮ ಪೂಜೆಗೆ ಕೂತವಳು ಅರ್ಧಕ್ಕೇ ಎದ್ದು ಬಂದಳು. ಮಗನ ಎದುರು ನಿಂತಳು.

“ಅಂಗೈಲಿ ಲಿಂಗ ಇಟ್ಕಂಡು ಕೂತ್ರೆ ಆ ಚಿಪ್ಪು ಬಾಯ್ಬಿಟ್ಟಂಗೆ ಆಯ್ತದೆ ಕಣೋ. ನಂಗೆ ಪೂಜೆ ಮಾಡಕ್ಕೆ ಆಗ್ತಿಲ್ಲ” ಅಂದಳು. “ಆಯಮ್ಮ ನಿಂಗೆ ಅಂತ ಬೇರೆ ಒಲೆ ಹಚ್ಚಿ ಅನ್ನ ಇಕ್ಕಿದ್ಳು. ಉಂಡು ಬಂದಿದೀಯ. ಹೋಗಿ ಹೇಳ್ಬಾ.”

ಅವನು ನನ್ನ ಕಡೆ ನೋಡಿದ. “ನೀನೂ ಬಾ ತಮ್ಮಯ್ಯಣ್ಣ. ಒಬ್ನೇ ಹೋದ್ರೆ ದಾರೀಲೇ ಎಲ್ಲಾದ್ರೂ ಇಳಿದ್ಬಿಡ್ತೀನಿ.”

ಅದು ನಿಜವಾಗಿತ್ತು. ಕಡೂರಿನಿಂದ ಶಿವಮೊಗ್ಗಕ್ಕೆ ರೈಲಿನಲ್ಲಿ ಹೋದೆವು, ಅಲ್ಲಿಂದ ಬಸ್ಸು. ಸಾಗರದಲ್ಲಿ ಕಾಫಿ ಕುಡಿದು ಬರುತ್ತೇನೆಂದು ಇಳಿದವನು ಬಸ್ಸು ಹೊರಟರೂ ಹತ್ತಲಿಲ್ಲ. ಕಂಡಕ್ಟರನ ಕೈಕಾಲು ಹಿಡಿದು ಬಸ್ಸು ನಿಲ್ಲಿಸಿ ಹುಡುಕಿದರೆ, ಸ್ಟ್ಯಾಂಡಿನ ಇನ್ನೊಂದು ಮೂಲೆಯಲ್ಲಿ ಶಿವಮೊಗ್ಗದ ಬೋರ್ಡಿದ್ದ ಬಸ್ಸಿನ ಮುಂದೆ ನಿಂತಿದ್ದ. ನಾನು ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ಸೀಟಿನಲ್ಲಿ ಕೂತ ಮೇಲೆ “ಮುಖ ಹೆಂಗಣ್ಣ ತೋರ್ಸ್ಲಿ” ಅಂತ ಒಂದೇ ಮಾತು ಹೇಳಿದ. ಘಟ್ಟ ಇಳಿಯುವ ತನಕ ಕಿಟಕಿಯ ಕಡೆ ತಿರುಗಿಯೇ ಇದ್ದ. ಆವತ್ತು ಅವನ ಹಣೆಯಲ್ಲಿ ವಿಭೂತಿ ಇರಲಿಲ್ಲ.

ಸೋಮವಾರದ ಸಭೆ ಜೆಟ್ಟಿಯ ಪಕ್ಕ, ಬಲೆ ಹೊಲಿಯುವ ಚಪ್ಪರದಲ್ಲಿ ನಡೆಯಿತು. ಒಂದು ಕಡೆ ಬೋಟಿನವರು, ಇನ್ನೊಂದು ಕಡೆ ಬಳಚಿನ ಹೆಂಗಸರು. ಪಾಂಡುರಂಗ ಅನ್ನುವವನು ಐವತ್ತರ ಆಸುಪಾಸಿನ ಗಂಡಸು, ಎದ್ದು ನಿಂತಿದ್ದ, ಕುತ್ತಿಗೆಯ ನರ ಉಬ್ಬಿತ್ತು. “ನಾ ಅಗ್ದಿದ್ರೆ ನನ್ನ ಬೋಟು ಮುಳುಗ್ಲಿ” ಅನ್ನುತ್ತಿದ್ದ. ಯಾರೂ ನಂಬುತ್ತಿರಲಿಲ್ಲ. ನಾವು ಬಂದದ್ದು ಕಂಡು ಮಂಕಾಳಿ ಎದ್ದು ಬಂದಳು. ಸಣ್ಣ ಮೈಯ, ಬಿಸಿಲಿಗೆ ಕಪ್ಪಾದ ಹೆಂಗಸು. ಓಂಕಾರೇಶನ ಕೈ ಹಿಡಿದು ಚಪ್ಪರದ ನಡುವಿಗೆ ಕರೆದುಕೊಂಡು ಹೋದಳು. “ಇವ ಹೇಳ್ತ ನೋಡಿ. ಇವ ಹೊರಗಿನವ, ಇವನಿಗೆ ಯಾರ ಕಡೆಯೂ ಇಲ್ಲ. ನಮ್ಮನೆ ಹುಡುಗ” ಅಂದಳು.

ಓಂಕಾರೇಶ ಅವಳ ಹಿಡಿತದಿಂದ ಕೈ ಬಿಡಿಸಿಕೊಂಡ. ಕೈ ಕಟ್ಟಿಕೊಂಡು ನಿಂತ.

“ಪಾಂಡುರಂಗಣ್ಣ ಅಗೆದಿಲ್ಲ. ಅಗೆದೋನು ನಾನು” ಅಂದ.

ಯಾರಿಗೂ ಕೇಳಿಸಲಿಲ್ಲವೇನೋ ಅಂತ ಅವನು ಇನ್ನೊಮ್ಮೆ ಹೇಳಿದ. ಆಮೇಲೆ ತಡವರಿಸುತ್ತ ಉಳಿದದ್ದನ್ನೂ ಹೇಳಿದ. ಕಾಯಿ ಒಡೆದದ್ದು, ಟಿಪ್ಪರು ತುಂಬಿದ್ದು, ತನಗೆ ಅದು ಹೂಳು ಅನ್ನಿಸಿದ್ದು, ಅಕ್ಕನಿಗೆ ಒಳ್ಳೆಯದಾಗಲಿ ಅಂತ ಮಾಡಿದ್ದು. ಒಳ್ಳೆಯದಾಗಲಿ ಅಂದ ಕೂಡಲೇ ಬೋಟಿನವರ ಕಡೆಯಿಂದ ಯಾರೋ ನಕ್ಕರು. ಹೆಂಗಸರ ನಡುವೆ ಕೂತಿದ್ದ ಒಬ್ಬ ಮುದುಕಿ ಎದ್ದು ನಿಂತಳು.

“ಹೂಳು ಎತ್ತಿದೆ ಅಂತಿಯಲ್ಲೋ, ನಮ್ಮನ್ನ ಹೂಳಿದ್ದು ನೀನು” ಅಂದಳು. “ಗದ್ದೇಲಿ ಮೊಳಕೆ ಇದ್ದಾಗ ಬಂದು ಸಸಿಮಡಿ ಹೊತ್ಕಂಡು ಹೋದ್ರೆ ನಿಮ್ಮೂರಲ್ಲಿ ಎಂತ ಹೇಳ್ತ್ರು?”

ನಾನು ಚಪ್ಪರದ ಕಂಬ ಹಿಡಿದುಕೊಂಡು ನೆಲ ನೋಡುತ್ತಿದ್ದೆ. ನಮ್ಮೂರಿನಲ್ಲಿ ಅಂಥವನನ್ನು ಕಂಬಕ್ಕೆ ಕಟ್ಟುತ್ತಾರೆ. ಅದೇ ಊರಿನಲ್ಲಿ ಇವನಿಗೆ ನಾವು ಶಾಲು ಹೊದಿಸಿದ್ದೆವು.

ಮಾತು ಬಹಳ ಹೊತ್ತು ನಡೆಯಿತು. ಪಾಂಡುರಂಗ ಮೊದಲು ಬೈದ, ಅವನು ಬೈಯಬೇಕಾದ್ದೇ. ಬೈದು ಮುಗಿದ ಮೇಲೆ ಅವನೇ ಒಂದು ಮಾತು ಹೇಳಿದ: ತನ್ನ ಮೇಲಿನ ಕಳಂಕ ಹೋಯಿತಲ್ಲ, ಮರಿ ಬಳಚು ಮತ್ತೆ ಕೂರುವ ತನಕ, ಅಂದರೆ ಬರುವ ಮಳೆಗಾಲ ಕಳೆಯುವ ತನಕ, ಗೂಟದ ಈಚೆಯೂ ಯಂತ್ರ ಇಳಿಯುವುದು ಬೇಡ. ಅವನ ಕಡೆಯವರು ಗೊಣಗಿದರು, ಮೀನು ಕೆಡುವುದು ಯಾರದ್ದು ಅಂದರು. ಕೊನೆಗೆ ಒಪ್ಪಿದರು. ಜೆಟ್ಟಿ ನಿಂತುಹೋಗುವುದಿಲ್ಲ, ತಡವಾಗುತ್ತದೆ. ರಾಜಿ ಉಳಿಯಿತು. ಪಂಚಾಕ್ಷರಪ್ಪನವರ ಸೂಪರ್‌ವೈಸರು ಧರ್ಮೇಶ ಅಲ್ಲೇ ಓಂಕಾರೇಶನಿಂದ ಯಂತ್ರದ ಕೀಲಿ ಇಸಕೊಂಡ. ಕೊಟ್ಟವನ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ, ಭಾರ ಇಳಿದಂತಿತ್ತು.

ಜನ ಚದುರಿದ ಮೇಲೂ ಮಂಕಾಳಿ ಚಪ್ಪರದಲ್ಲೇ ಕೂತಿದ್ದಳು. ಓಂಕಾರೇಶ ಹೋಗಿ ಅವಳ ಎದುರು ನೆಲದ ಮೇಲೆ ಕೂತ. ಇಳಿತದ ಹೊತ್ತು. ಗೂಟದಾಚೆ ಅವನು ಅಗೆದ ಹೊಂಡದಲ್ಲಿ ನೀರು ನಿಂತಿತ್ತು, ಅವನು ಬಯಸಿದ್ದ ಹಾಗೆಯೇ. ಸುತ್ತ ಯಾರೂ ಇಳಿದಿರಲಿಲ್ಲ.

“ಬೈ ಅಕ್ಕ. ಹೊಡೆದ್ರೂ ಹೊಡಿ” ಅಂದ.

ಅವಳು ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೇಳಿದಳು, ಕೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಒಂದು ಸಣ್ಣ ಆಸೆ ಇತ್ತು.

“ಹೋಗ್ಲಿ ತಮಾ, ನಿಮ್ಮ ತೆಂಗಿಗಾದ್ರೂ ಆಯ್ತಾ ಅದು? ಮರಕ್ಕೆ ಹಿಡೀತಾ?”

ಓಂಕಾರೇಶ ನನ್ನ ಮುಖ ನೋಡಿದ. ನಾನು ಹೌದೆನ್ನು ಅನ್ನುವಂತೆ ಕಣ್ಣಲ್ಲೇ ಬೇಡಿಕೊಂಡೆ. ಬೆಳಗಿನಿಂದ ನಿಜ ಹೇಳಿ ಹೇಳಿ ಅವನಿಗೆ ಅದೇ ರೂಢಿಯಾಗಿಹೋಗಿತ್ತೋ ಏನೋ.

“ಇಲ್ಲ ಅಕ್ಕ” ಅಂದ. “ವಾಸ್ನೆ ಬಂತು ಅಂತ ಕೆರೆದು ಹಳ್ಳಕ್ಕೆ ಸುರಿದ್ವಿ.”

ಸಭೆಯಲ್ಲಿ ಅಷ್ಟು ಹೊತ್ತು ಅಳದೆ ಕೂತವಳು ಆಗ ಅತ್ತಳು. ಜೋರಾಗಿ ಅಲ್ಲ, ತಲೆ ಬಗ್ಗಿಸಿಕೊಂಡು, ಮೈಯೆಲ್ಲ ಅಲ್ಲಾಡುವ ಹಾಗೆ. ನಾವಿಬ್ಬರೂ ಅಲ್ಲೇ ಕೂತಿದ್ದೆವು, ಏಳಲೂ ಧೈರ್ಯವಿರಲಿಲ್ಲ. ಕೊನೆಗೆ ಅವಳೇ ಎದ್ದಳು. ಬುಟ್ಟಿ ಸೊಂಟಕ್ಕೆ ಏರಿಸಿಕೊಂಡು ಎರಡು ಹೆಜ್ಜೆ ಹೋದವಳು ನಿಂತು, ತಿರುಗದೆಯೇ ಹೇಳಿದಳು.

“ಅದೊಂದಕ್ಕೆ ಸುಳ್ಳು ಹೇಳ್ಬಹುದಿತ್ತು ನೀನು.”